ಬಿಲ್ಲು ಪರೀಕ್ಷಕರು

ರಿಪೇರಿಯಾಗಿ ಬಂದ ಗಾಡಿಯನ್ನು ಕಂಡೊಡನೆ "ಈಗ ಹೆಂಗ ಓಡ್ತೈತಿ?" ಎಂದು ಕೇಳುವವರು ಒಂದು ವರ್ಗ, "ಎಷ್ಟು ಬಡದಾ?" ಎಂದು ಕೇಳಿ, ನಾವು ಹೇಳಿದ ಮೊತ್ತ ಎಷ್ಟೇ ಇರಲಿ, ಗಲ್ಲದ ಮೇಲೆ ಕೈಯಿಟ್ಟು ನಮ್ಮನ್ನು ಅಪಾರ ಕರುಣೆಯಿಂದ ನೋಡುವವರು ಇನ್ನೊಂದು ವರ್ಗ. ವೀರಭದ್ರೇಶ್ವರನ ಸನ್ನಿಧಿಯಾದ, ತುಂಗಭದ್ರೆಯ ದಂಡೆಯ ನಮ್ಮ ಸಿಂಗಟಾಲೂರಿನಲ್ಲಿ ಈ ಎರಡನೆಯ ವರ್ಗದ ಶಿರೋಮಣಿಯೊಬ್ಬರುಂಟು. ಊರಿಗೆಲ್ಲ ಅವರು ಕಾಕಾ. ಸ್ವಂತಕ್ಕೊಂದು ಸೈಕಲ್ಲೂ ಇಲ್ಲದ ಈ ಮಹನೀಯರು ಅನ್ಯರ ವಾಹನಗಳ ಆಯವ್ಯಯದಲ್ಲಿ ಸಂಪಾದಿಸಿರುವ ಪಾಂಡಿತ್ಯ ಅಗಾಧವಾದುದು. 2025ರ ಸೆಪ್ಟೆಂಬರ್ 22ರಂದು ಬೈಕಿನ ಬಿಡಿಭಾಗಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಾಗ, ಜನ್ಮದಲ್ಲಿ ಒಂದು ರಸೀದಿಯನ್ನೂ ಹರಿದುಕೊಟ್ಟರಿಯದ ಮಿಸ್ತ್ರಿಯೊಬ್ಬನ ಮುಂದೆ ನಿಂತು, "ಸರಕಾರ ಇಳಿಸೈತಿ, ನೀ ಯಾಕ ಇಳಿಸಿಲ್ಲ?" ಎಂದು ವಾದಿಸಿದವರು ಇವರೇ.

ಮಳೆಗಾಲದಲ್ಲಿ ನನ್ನ ಹಳೆಯ ಸ್ಪ್ಲೆಂಡರಿನ ಮಡ್‌ಗಾರ್ಡಿನೊಳಗೆ ಎರೆಮಣ್ಣು ಮೆತ್ತಿ, ಗಾಲಿ ತಿರುಗಲೊಲ್ಲದೆ, ಹಾಫ್ ಕ್ಲಚ್ಚಿನಲ್ಲೇ ಎಳೆಯಿಸಿದುದರ ಫಲವಾಗಿ ಕ್ಲಚ್ ಪ್ಲೇಟು ಸುಟ್ಟಿತು. ಆ ಸಮಯದಲ್ಲಿ ಹಿಂದಿನ ಸೀಟಿನಿಂದ ಇಳಿಯಲೊಪ್ಪದೆ ಕುಳಿತಿದ್ದವರು ಯಾರೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಮುಂಡರಗಿಯ ಮಿಸ್ತ್ರಿ ಪ್ಲೇಟಿನ ಖಾಲಿ ಡಬ್ಬಿಯ ಬೆನ್ನಿಗೇ ಲೆಕ್ಕ ಬರೆದುಕೊಟ್ಟ: ಪ್ಲೇಟು, ಪ್ಯಾಕಿಂಗು, ಆಯಿಲ್ಲು, ಕಡೆಗೆ ಮಜೂರಿ 400. ಅಚ್ಚಾದ ಬೆಲೆಗೆ ಕಾಕಾ ವೇದವಾಕ್ಯದ ಗೌರವ ಕೊಡುವವರಾದುದರಿಂದ ಮೊದಲ ಮೂರು ಸಾಲುಗಳು ನಿರ್ವಿಘ್ನವಾಗಿ ಪಾರಾದವು. ನಾಲ್ಕನೆಯದರ ಮೇಲೆ ಬೆರಳು ನಿಂತಿತು. "ನಾಕ ಬೋಲ್ಟ್ ಬಿಚ್ಚಿ ನಾಕ ಬೋಲ್ಟ್ ಹಾಕಿದ್ದಕ್ಕ ನಾನೂರಾ, ಮಾಸ್ತರ?"

ಆಯಿಲ್ಲು ಇಳಿಸಿ, ಬಲಮಗ್ಗುಲಿನ ಕವರು ಬಿಚ್ಚಿ, ಅಂಟಿಕೊಂಡ ಹಳೆಯ ಪ್ಯಾಕಿಂಗನ್ನು ಲೋಹಕ್ಕೆ ಗೀರು ಬೀಳದಂತೆ ಕೆರೆದು, ಹೊಸ ಪ್ಲೇಟುಗಳನ್ನು ಆಯಿಲ್ಲಿನಲ್ಲಿ ನೆನೆಯಿಸಿ ಕೂಡಿಸಿದ ಆ ಕೈಚಳಕವನ್ನು, ಪಾನಾದ ನಂಬರನ್ನೇ ಅರಿಯದ ನಾನು, ಸಾಕ್ಷಾತ್ ಎಂಜಿನಿಯರನಂತೆ ವರ್ಣಿಸಿದೆ. "ಅಂವಗ ಬರ್ತೈತಿ, ಮಾಡ್ಯಾನ. ಅದರಾಗೇನೈತಿ?" ಎಂದು ಕಾಕಾ ಒಂದೇ ಮಾತಿನಲ್ಲಿ ಮುಗಿಸಿದರು. ಬಳಿಕ ಹಳೆಯ ಪ್ಲೇಟನ್ನು ಬೇಡಿ ತೆಗೆದುಕೊಂಡು, ಮೂಗಿಗೆ ಹಿಡಿದು, ಸುಟ್ಟ ವಾಸನೆಯನ್ನು ದೀರ್ಘವಾಗಿ ಆಘ್ರಾಣಿಸಿ, ಇನ್ನೊಂದು ಸುಗ್ಗಿ ಬಾಳುತ್ತಿತ್ತೆಂದು ತೀರ್ಪಿತ್ತರು. ತೀರ್ಪು ಹೇಗಾದರೂ ಇರಲಿ, ಹಳೆಯ ಸಾಮಾನನ್ನು ತಪ್ಪದೆ ಇಸಿದುಕೊಳ್ಳಬೇಕೆಂಬ ಅವರ ಪದ್ಧತಿ ಮಾತ್ರ ಅನುಕರಣೀಯವೆಂದು ನಾನು ಒಪ್ಪುತ್ತೇನೆ.

ಈ ಸಂಶಯಪ್ರವೃತ್ತಿ ಅವರಿಗೆ ಗ್ಯಾರೇಜಿನಲ್ಲಿ ಹತ್ತಿದ್ದಲ್ಲ. ಆಯುಷ್ಯವೆಲ್ಲ ಉಳ್ಳಾಗಡ್ಡಿ ಬೆಳೆದು, ತಮ್ಮ ಮಾಲಿಗೆ ತಾವೊಮ್ಮೆಯೂ ಬೆಲೆ ಕಟ್ಟದೆ, ಪರರು ಬರೆದುಕೊಟ್ಟ ಪಟ್ಟಿಯನ್ನೇ ಮಡಚಿ ಕಿಸೆಗಿಟ್ಟುಕೊಂಡು ಬಂದವರು ಅವರು. 2022ರಲ್ಲಿ ಗದಗ ಸೀಮೆಯ ರೈತನೊಬ್ಬ ಯಶವಂತಪುರಕ್ಕೆ ಒಯ್ದ 205 ಕೆ.ಜಿ. ಉಳ್ಳಾಗಡ್ಡಿಗೆ 410 ರೂಪಾಯಿ ಹುಟ್ಟಿ, ಬಾಡಿಗೆ, ಹಮಾಲಿ ಕಳೆದು 8 ರೂಪಾಯಿ 36 ಪೈಸೆ ಕೈಗೆ ಬಂದ ಪಟ್ಟಿ ನಾಡೆಲ್ಲ ಹರಿದಾಡಿತಷ್ಟೆ; ಅದರ ಚಿತ್ರ ಕಾಕಾನ ಮೊಬೈಲಿನಲ್ಲಿ ಇನ್ನೂ ಇದೆ. ಅಂದು ಗ್ಯಾರೇಜಿನ ಮುಂದೆಯೇ ಅದನ್ನು ನನಗೆ ತೋರಿಸಿ, ಹಮಾಲಿ 24 ರೂಪಾಯಿ ಎಂಬಲ್ಲಿ ಬೆರಳಿಟ್ಟು, "ಇದು ಹೆಚ್ಚಲ್ಲ ಬಿಡ್ರಿ. ಚೀಲ ಹೊರಾವ್ರ ಬೆನ್ನು ನಾ ನೋಡೇನಿ" ಎಂದರು.

ಮಿಸ್ತ್ರಿಯ ಅಂಗೈಯನ್ನೂ ಒಮ್ಮೆ ನೋಡಿರೆಂದು ಹೇಳುವಷ್ಟರಲ್ಲಿ ಅವರು ಹಿಂದಿನ ಸೀಟನ್ನೇರಿಯಾಗಿತ್ತು. ಊರ ದಾರಿಯ ಏರೊಂದನ್ನು ಗಾಡಿ ಸಲೀಸಾಗಿ ಹತ್ತಿದಾಗ ಬೆನ್ನ ಹಿಂದಿನಿಂದ ಮಾತು ಬಂದಿತು: "ಛಲೋ ಎಳೀತೈತಿ, ಮಾಸ್ತರ. ಮುನ್ನೂರಾದ್ರ ಕೊಡಬಹುದಿತ್ತು."