ನಾನ್ನೂರು ವಾಟಿನ ಸಂಸಾರ

ಪರದೇಶದಲ್ಲಿ ನೆಲೆಸಿದ ಕನ್ನಡಿಗನು ಮೊದಲು ಹಳೆಯ ಸೆಡಾನ್ ಕಾರನ್ನೂ, ಮಕ್ಕಳಾದ ಬಳಿಕ ಮಿನಿವ್ಯಾನನ್ನೂ, ಮನೆಸಾಲ ತುಸು ಇಳಿದು ತಲೆಗೂದಲು ತುಸು ಉದುರಿದ ಮೇಲೆ ಪಿಕಪ್ ಟ್ರಕ್ಕನ್ನೂ ಕೊಳ್ಳುವುದು, ಟೆಕ್ಸಾಸ್ ಪ್ರಾಂತದಲ್ಲಾದರೂ, ಆಶ್ರಮಧರ್ಮದಷ್ಟೇ ಸಹಜವಾದ ಕ್ರಮವೆಂದು ನನಗೆ ತೋರಿದೆ. ಹಗಲೆಲ್ಲ ಕಂಪ್ಯೂಟರಿನ ಮುಂದೆ ಕುಳಿತಿರುವ, ಭಾನುವಾರ ಇಂಡಿಯನ್ ಸ್ಟೋರಿನಿಂದ ತರುವ ಸೋನಾಮಸೂರಿ ಚೀಲಕ್ಕಿಂತ ಭಾರವಾದುದನ್ನು ಹೊತ್ತರಿಯದ ಮನುಷ್ಯನಿಗೆ ಮೂರು ಟನ್ನು ಎಳೆಯಬಲ್ಲ ವಾಹನವೇತಕ್ಕೆಂದು ಕೇಳುವುದು ಅವಿವೇಕ. ಅದು ಬೇಕು, ಆದುದರಿಂದ ಕೊಂಡನು.

ನನ್ನ ಭಾವಮೈದುನನು, ಡಾಲಸಿನ ಉತ್ತರಕ್ಕಿರುವ ಪ್ಲೇನೋ ಪಟ್ಟಣದಲ್ಲಿ, ಇಂಥದೊಂದನ್ನು ಮನೆಯ ಮುಂದೆ ತಂದು ನಿಲ್ಲಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆಯನ್ನು ಸಾಂಗವಾಗಿ ಮುಗಿಸಿದೊಡನೆ ನಮಗೆ ತೋರಿಸಿದ್ದು ಅದರ ಇಂಜಿನ್ನನ್ನಲ್ಲ. ಹಿಂಬದಿಯ ತೆರೆದ ತೊಟ್ಟಿಯ ಪಕ್ಕದಲ್ಲಿ, ಪುಟ್ಟ ಮುಚ್ಚಳದ ಹಿಂದೆ ಅಡಗಿ ಕುಳಿತಿದ್ದ ಒಂದು ಪ್ಲಗ್ ಪಾಯಿಂಟನ್ನು.

“ಇನ್ನುಮೇಲೆ ಎಲ್ಲಿ ಬೇಕಾದರೂ ಕರೆಂಟು ಅಮ್ಮಾ!”

“ಎಷ್ಟು ವಾಟಪ್ಪಾ ಅದು?” ಎಂದರು ಅತ್ತೆಯವರು.

“278 ಕುದುರೆ ಶಕ್ತಿಯ ಇಂಜಿನ್ನು ಅಮ್ಮಾ ಇದು!”

“ಕುದುರೆ ಕಟ್ಕೊಂಡು ನಂಗೇನಾಗಬೇಕೋ, ಮಿಕ್ಸಿ ತಿರುಗುತ್ತಾ ಹೇಳು.”

ಈ ಪ್ರಶ್ನೆಯ ಗಾಂಭೀರ್ಯವು ಆಗ ಅಲ್ಲಿದ್ದ ಇಂಜಿನಿಯರುಗಳಾರಿಗೂ ಹೊಳೆಯಲಿಲ್ಲ. ವಸ್ತುಸ್ಥಿತಿಯಾದರೋ ಹೀಗಿದೆ: ಬ್ಯಾಟರಿಯ 12 ವೋಲ್ಟಿನ ಏಕಮುಖ ವಿದ್ಯುತ್ತನ್ನು ಒಳಗಿನ ಇನ್ವರ್ಟರೊಂದು ಅಮೆರಿಕದ ಮನೆಗಳಲ್ಲಿರುವ 120 ವೋಲ್ಟಿನ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸಿ ಆ ಪ್ಲಗ್ಗಿಗೆ ಒದಗಿಸುತ್ತದೆ; ಗಾಡಿ ನಿಂತು, ಗೇರು ‘ಪಿ’ಯಲ್ಲಿದ್ದು, ಇಂಜಿನ್ನು ಚಾಲೂ ಇದ್ದರೆ 400 ವಾಟ್, ಗಾಡಿ ಓಡುತ್ತಿದ್ದರೆ ಕೇವಲ 100 ವಾಟ್; ಇದಕ್ಕಿಂತ ಹೆಚ್ಚು ಬೇಡಿದೊಡನೆ ಇನ್ವರ್ಟರು ತನ್ನನ್ನು ತಾನೇ ಆರಿಸಿಕೊಂಡು ಮೌನವ್ರತ ಹಿಡಿಯುತ್ತದೆ. ಒಂದು ಕುದುರೆ ಶಕ್ತಿಯೆಂದರೆ 746 ವಾಟ್. ಎಂದರೆ, ಮುಂಭಾಗದಲ್ಲಿ 278 ಕುದುರೆಗಳು ಕೆನೆಯುತ್ತಿದ್ದರೂ ಹಿಂಬದಿಯ ಗೃಹಕೃತ್ಯಕ್ಕೆ ದೊರೆಯುವುದು ಅರ್ಧ ಕುದುರೆ ಮಾತ್ರ, ಅದೂ ನಿಂತಾಗ.

ಆ ಅರ್ಧ ಕುದುರೆಯ ಮೇಲೆ ಸವಾರಿ ಮಾಡಲು ಹೊರಟವರ ಪಟ್ಟಿ ಸಣ್ಣದಲ್ಲ. ಹಿರಿಯ ಮಗಳಿಗೆ ಕ್ಯಾಂಪಿನಲ್ಲಿ ಕೂದಲೊಣಗಿಸುವ ಯಂತ್ರ, ಅದಕ್ಕೆ 1,500 ವಾಟಿಗೆ ಕಡಮೆಯಿಲ್ಲ, ಭಾವಮೈದುನನ ಹೆಂಡತಿಗೆ ಸಾವಿರ ವಾಟಿನ ಇನ್‌ಸ್ಟಂಟ್ ಪಾಟಿನಲ್ಲಿ ಬಿಸಿಬೇಳೆಬಾತು, ಅವನಿಗೋ ಕೆಟಲು. ಶಾಖವನ್ನುತ್ಪಾದಿಸುವ ಉಪಕರಣಗಳೆಲ್ಲ ವಿದ್ಯುತ್ತಿನ ಬಕಾಸುರರೆಂಬುದನ್ನೂ, ತಿರುಗುವ ಮೋಟಾರುಗಳು ಹೊರಡುವ ಕ್ಷಣದಲ್ಲಿ ತಮ್ಮ ನಿತ್ಯದ ಪಾಲಿಗಿಂತ ಹಲವು ಪಟ್ಟು ಕೇಳುತ್ತವೆಂಬುದನ್ನೂ ಇವರಲ್ಲಿ ಬಲ್ಲವರು ಒಬ್ಬರೇ, ಆರು ತಿಂಗಳ ವೀಸಾದಲ್ಲಿ ಹಾಸನದಿಂದ ಬಂದಿದ್ದ ಅತ್ತೆಯವರು.

ಅವರಿಗೆ ಈ ವಿದ್ಯೆ ಯಾವ ಪಾಠಶಾಲೆಯಲ್ಲಿ ಸಿದ್ಧಿಸಿತೆಂದು ಕನ್ನಡನಾಡಿನ ವಾಚಕರಿಗೆ ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುವ ನಮ್ಮ ಊರುಗಳಲ್ಲಿ, ಮೆಟ್ಟಿಲ ಕೆಳಗೆ ದೊಡ್ಡ ಬ್ಯಾಟರಿಯೊಡನೆ ಒಂದು ಯುಪಿಎಸ್ ಪ್ರತಿಷ್ಠಾಪಿತವಾಗಿರುವ ಮನೆಗಳಲ್ಲಿ, ‘ಯುಪಿಎಸ್‌ನಲ್ಲಿದೆ, ಮಿಕ್ಸಿ ಹಾಕಬೇಡಿ’ ಎಂಬ ವಾಕ್ಯವು ಅಡುಗೆಮನೆಯಿಂದ ನಡುಮನೆಗೂ ನಡುಮನೆಯಿಂದ ಬಚ್ಚಲಿಗೂ ನಿತ್ಯವೂ ಸಂಚರಿಸುತ್ತದೆ. ಫ್ಯಾನು ಎರಡು, ದೀಪ ನಾಲ್ಕು, ಟೀವಿ ಬೇಕಾದರೆ ಒಂದು ಫ್ಯಾನು ಆರಲಿ, ಗೀಸರು ಇಸ್ತ್ರಿಪೆಟ್ಟಿಗೆಗಳ ಮಾತೆತ್ತಕೂಡದು ಎಂಬೀ ಅರ್ಥಶಾಸ್ತ್ರವನ್ನು ಬಲ್ಲ ಗೃಹಿಣಿಗೆ ಅಮೆರಿಕದ ಟ್ರಕ್ಕೂ ಚಕ್ರವಿರುವ ಯುಪಿಎಸ್ಸೇ ಸರಿ. ಅಂಥ ಮನೆಯಲ್ಲೇ ಕಳೆದ ಬಾಲ್ಯವನ್ನು ಮರೆತು, ಗೋಡೆಯಿಂದ ಕರೆಂಟು ಎಂದೆಂದಿಗೂ ಬರುವುದೆಂಬ ನಂಬುಗೆಯಲ್ಲಿ ಇಪ್ಪತ್ತು ವರ್ಷ ಬಾಳಿದ ಮಗನಿಗೆ ಮಾತ್ರ ಇದು ತಿಳಿಯದಾಯಿತು.

ಕನ್ನಡ ಕೂಟದ ವನಭೋಜನದ ದಿನ ಅವನು ಎಲ್ಲರೆದುರಿಗೆ ತಾಜಾ ಕಾಯಿಚಟ್ನಿ ರುಬ್ಬಿಸುವೆನೆಂದು ಘೋಷಿಸಿದನು. ತೊಟ್ಟಿಯ ಹಿಂದಿನ ಹಲಗೆಯನ್ನು ಇಳಿಸಿ ಮೇಜಾಗಿಸಿ, ತಳದಲ್ಲಿ 550 ವಾಟ್ ಎಂದು ಸ್ಪಷ್ಟವಾಗಿ ಮುದ್ರಿತವಾಗಿದ್ದ ಮಿಕ್ಸಿಯಲ್ಲಿ ಕಾಯಿತುರಿ, ಹುರಿಗಡಲೆ, ಹಸಿಮೆಣಸಿನಕಾಯಿಗಳನ್ನು ತುಂಬಿ, ಗುಂಡಿಯನ್ನು ತಿರುಗಿಸಲು, ಅದು ‘ಗುರ್’ ಎಂದು ಅರ್ಧ ಸುತ್ತು ಹಾಕಿ ನಿಂತಿತು. ಪ್ಲಗ್ಗಿನ ಬಳಿಯ ಹಸುರು ದೀಪವೂ ಆರಿತು. ಡ್ಯಾಶ್‌ಬೋರ್ಡಿನ ಗುಂಡಿಯೊತ್ತಿ ಮತ್ತೆ ದೀಪ ಹೊತ್ತಿಸಿದನು. ಮತ್ತೆ ಗುರ್, ಮತ್ತೆ ಮೌನ. ಇಂಜಿನ್ನನ್ನು ರೇಸು ಮಾಡೆಂದು ಒಬ್ಬರು, ವಯರು ಬದಲಾಯಿಸೆಂದು ಇನ್ನೊಬ್ಬರು ಸೂಚಿಸಿದರು. ಸಲಹೆಗೆ ನಮ್ಮ ಕೂಟದಲ್ಲಿ ವಾಟಿನ ಮಿತಿಯಿಲ್ಲ.

“ಸೀಟಿನ ಹಿಂದೆ ಗ್ರೈಂಡರ್ ಇಟ್ಟಿದೀನಿ, ಇಳಿಸ್ಕೊಡಿ ಅಳಿಯಂದ್ರೇ,” ಎಂದರು ಅತ್ತೆಯವರು. 150 ವಾಟಿನ ಆ ಪುಟ್ಟ ಟೇಬಲ್ ಗ್ರೈಂಡರನ್ನು ಅವರು ಮೊದಲು ಬರಿದಾಗಿಯೇ ತಿರುಗಲು ಬಿಟ್ಟು, ಕಲ್ಲುಗಳು ಲಯಕ್ಕೆ ಬಂದ ಮೇಲೆ ಕಾಯಿಯನ್ನು ಹಿಡಿಹಿಡಿಯಾಗಿ ಇಳಿಸಿದರು. ಚಟ್ನಿಯಾಗಲು ಮಿಕ್ಸಿಯ ಹತ್ತರಷ್ಟು ಹೊತ್ತು ಹಿಡಿಯಿತಾದರೂ ದೀಪ ಆರಲಿಲ್ಲ. ಅಷ್ಟರಲ್ಲಿ ಇಡ್ಲಿಗಳು ಮುಗಿದುಹೋಗಿದ್ದವೆಂಬುದು ಬೇರೆ ಮಾತು.

ದೊಡ್ಡ ಪ್ಲಗ್ಗುಗಳ ಟ್ರಕ್ಕುಗಳೂ ಇಲ್ಲದಿಲ್ಲ. 2021ರ ಮಾದರಿಯಿಂದ ಫೋರ್ಡ್ ಎಫ್-150ರ ಹೈಬ್ರಿಡ್ಡಿನಲ್ಲಿ 7,200 ವಾಟ್ ಕೊಡುವ ಏರ್ಪಾಡು ದೊರೆಯತೊಡಗಿತು. ಆ ವರ್ಷದ ಫೆಬ್ರವರಿಯ ಹಿಮದಲ್ಲಿ ಟೆಕ್ಸಾಸಿನ ಲಕ್ಷಾಂತರ ಮನೆಗಳು ಕತ್ತಲಾದಾಗ ಕೆಲವರು ಇಂಥ ಟ್ರಕ್ಕಿನಿಂದಲೇ ಮನೆಯನ್ನು ಬೆಚ್ಚಗಿಟ್ಟುಕೊಂಡರು. ಈ ವೃತ್ತಾಂತವನ್ನು ಕೇಳಿದ ಭಾವಮೈದುನನು, ಮುಂದೆ ಕರೆಂಟು ಹೋದರೆ ತಾನೂ ಗ್ಯಾರೇಜಿನಲ್ಲಿ ಗಾಡಿ ಚಾಲೂ ಮಾಡಿ ವಯರು ಎಳೆಯುವೆನೆಂದನು. ಇಲ್ಲಿ ಹಾಸ್ಯ ಸಲ್ಲದು: ಮುಚ್ಚಿದ ಗ್ಯಾರೇಜಿನಲ್ಲಿ ಓಡುವ ಇಂಜಿನ್ನು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದೇ ಹಿಮದ ದಿನಗಳಲ್ಲಿ ಆ ವಿಷಗಾಳಿಯಿಂದ ಜನರು ಸತ್ತರು. ಬಾಗಿಲು ತೆರೆದಿಟ್ಟರೂ ಸಾಲದು, ಗಾಡಿ ಹೊರಗೇ ನಿಲ್ಲಬೇಕು. ನಿಂತಲ್ಲೇ ಗಂಟೆಗೆ ಕಾಲು ಗ್ಯಾಲನ್ನಿನಿಂದ ಅರ್ಧ ಗ್ಯಾಲನ್ ಪೆಟ್ರೋಲು ಉರಿಯುವುದೆಂಬುದು ಅದರ ಮುಂದೆ ಅಲ್ಪ ವಿಚಾರ.

ಇಷ್ಟಾದರೂ ಆ ಪ್ಲಗ್ಗನ್ನು ನಿಷ್ಪ್ರಯೋಜಕವೆನ್ನಲಾರೆ. ಲ್ಯಾಪ್‌ಟಾಪು, ಹಾಸಿಗೆಗೆ ಗಾಳಿ ತುಂಬುವ ಪಂಪು, ರಾಜ್ಯೋತ್ಸವದ ಸಣ್ಣ ಸ್ಪೀಕರು, ಎಲ್ಲಕ್ಕಿಂತ ಮಿಗಿಲಾಗಿ ನನ್ನ ಹೆಂಡತಿಯ ಇಲೆಕ್ಟ್ರಾನಿಕ್ ತಂಬೂರಿ, ಇವೆಲ್ಲವೂ ಒಟ್ಟಿಗೆ ಅದರಲ್ಲಿ ಸುಖವಾಗಿ ನಡೆಯುತ್ತವೆ.

ಬರುವ ವನಭೋಜನಕ್ಕೆ ಆಗಮಿಸುವ ಕನ್ನಡ ಬಾಂಧವರಲ್ಲಿ ಅತ್ತೆಯವರ ಪರವಾಗಿ ನನ್ನ ವಿಜ್ಞಾಪನೆ ಇಷ್ಟೆ: ಯಾವ ಯಂತ್ರವನ್ನಾದರೂ ತರುವ ಮುನ್ನ ಅದನ್ನು ಬೋರಲು ಹಾಕಿ ತಳದ ಚೀಟಿಯನ್ನೋದತಕ್ಕದ್ದು; ಚಟ್ನಿಯನ್ನು ಮನೆಯಲ್ಲೇ ರುಬ್ಬಿ ಒಗ್ಗರಣೆ ಹಾಕಿ ತರತಕ್ಕದ್ದು; ಕಾಫಿಯನ್ನು ಫ್ಲಾಸ್ಕಿನಲ್ಲಿ ತರುವುದು, ಕೆಟಲನ್ನು ತರಲೇ ಕೂಡದು.