ಹಿಮವಾಹನ ಮೀಮಾಂಸೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ನಾಲ್ಕು ತಾಲೂಕುಗಳಲ್ಲಿ ಹಿಮವಾಹನವಿಲ್ಲ ಎಂಬುದು ಪೂರ್ವಪಕ್ಷ. ಅವರ ಹೇತು ಒಂದೇ: ಹಿಮವಿಲ್ಲ. ಏಪ್ರಿಲ್ ಬಿಸಿಲಲ್ಲಿ ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆ ಈ ವಾದ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಹಿಮದ ಲಕ್ಷಣವೇನು? ಬಿಳುಪು, ಹರಳು, ನಾಲಿಗೆಗಿಟ್ಟರೆ ಕರಗುವ ಗುಣ. ಸಮೀರವಾಡಿ, ಉತ್ತೂರು, ಬಾಡಗಂಡಿ, ಹಿರೇಪಡಸಲಗಿಯ ಕಾರ್ಖಾನೆಗಳಲ್ಲಿ ಈ ಮೂರೂ ಲಕ್ಷಣದ ವಸ್ತು ಪ್ರತಿ ಹಂಗಾಮಿಗೂ ಚೀಲಗಟ್ಟಲೆ ಬೀಳುತ್ತದೆ. ಕೆನಡಾದಲ್ಲಿ ಹಿಮ ಬೀಳುವ ತಿಂಗಳುಗಳೂ ನಮ್ಮಲ್ಲಿ ಕಬ್ಬು ನುರಿಸುವ ತಿಂಗಳುಗಳೂ ಹೆಚ್ಚುಕಡಿಮೆ ಒಂದೇ, ನವೆಂಬರಿನಿಂದ ಮಾರ್ಚ್. ಆ ಕಾಲದಲ್ಲಿ ಹಗಲಿರುಳು ಓಡುವುದು ಎರಡು ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರು. ಆದ್ದರಿಂದ ಟ್ರ್ಯಾಕ್ಟರೇ ಹಿಮವಾಹನ. ಸಕ್ಕರೆ ಕಾಯಿಲೆಯವರು ಬೇಕಾದರೆ ಆಕ್ಷೇಪಿಸಲಿ.

ಇತಿಹಾಸವೂ ನಮ್ಮ ಕಡೆಗೇ ಇದೆ. ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನ ಬೊಂಬಾರ್ಡಿಯೆ ಎಂಬಾತ 1959ರಲ್ಲಿ, ನಾಯಿಗಳು ಎಳೆಯುವ ಬಂಡಿಗೆ ಬದಲಾಗಿ ಸಣ್ಣ ಹಿಮವಾಹನವನ್ನು ಮಾರಾಟಕ್ಕೆ ತಂದ. ಇಡಬೇಕೆಂದಿದ್ದ ಹೆಸರು ‘ಸ್ಕಿ-ಡಾಗ್’. ಯಾರೋ ಅಕ್ಷರ ತಪ್ಪಿಸಿ ಅದು ‘ಸ್ಕಿ-ಡೂ’ ಆಯಿತೆಂದು ಪ್ರತೀತಿ. ಇನ್ನು, ನಾಯಿ ಎಂದೊಡನೆ ನೆನಪಾಗುವ ಊರು ಯಾವುದು? ಮಾಲೋಜಿರಾವ್ ಘೋರ್ಪಡೆಯವರು ಐದನೆಯ ಜಾರ್ಜ್ ದೊರೆಗೆ ಜೋಡಿ ನಾಯಿ ಕೊಟ್ಟ ಊರು, 2005ರಲ್ಲಿ ಐದು ರೂಪಾಯಿ ಅಂಚೆಚೀಟಿಯ ಮೇಲೆ ತನ್ನ ನಾಯಿಯನ್ನು ನಿಲ್ಲಿಸಿದ ಊರು. ಇದಕ್ಕಿಂತ ಹೆಚ್ಚು ಹೇಳುವುದು ವಿನಯವಾಗದು.

ಈಗ ಚಾಲನ ಪ್ರಕರಣ. ಹಿಮವಾಹನಕ್ಕೆ ಮುಂದೆ ಎರಡು ಜಾರುಪಟ್ಟಿ, ಹಿಂದೆ ತಳ್ಳುವ ರಬ್ಬರ್ ಪಟ್ಟಿ. ಜೋರಾಗಿ ರೇಸ್ ಕೊಟ್ಟರೆ ಭಾರವೆಲ್ಲ ಹಿಂದಕ್ಕೆ ಸರಿದು ಮುಂದಿನ ಪಟ್ಟಿಗಳು ಹಗುರಾಗಿ, ತಿರುಗು ಎಂದರೆ ತಿರುಗುವುದಿಲ್ಲ. ನಮ್ಮಲ್ಲಿ ಎರಡು ಡಬ್ಬಿ ಹೇರಿಕೊಂಡು ಏರು ಹತ್ತುವಾಗ ನಡೆಯುವುದೂ ಇದೇ. ಕೊಂಡಿಯ ಜಗ್ಗಿಗೆ ಮುಂದಿನ ಗಾಲಿಗಳು ನೆಲ ಬಿಟ್ಟು ಏಳುತ್ತವೆ. ಆಗ ಸ್ಟೇರಿಂಗು ಕೈಗೆ ಆಸರೆ ಮಾತ್ರ; ನಿಜವಾಗಿ ತಿರುಗಿಸುವುದು ಕಾಲು. ಟ್ರ್ಯಾಕ್ಟರಿಗೆ ಎಡಗಾಲಿಗೊಂದು, ಬಲಗಾಲಿಗೊಂದು ಬ್ರೇಕ್ ಪೆಡಲ್ ಉಂಟು. ಹೊಲದಲ್ಲಿ ಬೇರೆ ಬೇರೆ ತುಳಿಯಬೇಕು, ರಸ್ತೆಯಲ್ಲಿ ಎರಡನ್ನೂ ಕೊಂಡಿ ಹಾಕಿ ಕೂಡಿಸಬೇಕು ಎಂದು ಶಾಸ್ತ್ರ ಹೇಳುತ್ತದೆ. ಶಾಸ್ತ್ರಕಾರ ಡಬಲ್ ಡಬ್ಬಿ ಕಂಡವನಲ್ಲ. ಮುಂಭಾರಕ್ಕೆ ಬಂಪರಿಗೆ ಕಬ್ಬಿಣದ ತೂಕ ಕಟ್ಟುವುದು ಒಂದು ಮತ. ತಮ್ಮನನ್ನು ಬಂಪರಿನ ಮೇಲೆ ಕೂಡಿಸುವುದು ಇನ್ನೊಂದು. ಎರಡನೆಯದಕ್ಕೆ ಖರ್ಚಿಲ್ಲ.

“ಮುಂದಿನ ಗಾಲಿ ಎದ್ದಾವಲ್ಲೋ ಅಣ್ಣಾ?” ಎಂದು ಪ್ರಕೃತ ಸಂಶೋಧಕ ಒಬ್ಬ ಚಾಲಕನನ್ನು ಕೇಳಿದಾಗ, “ಏಳ್ಲಿ ಬಿಡ್ರಿ ಸರ, ಹಿಂದಿನವು ಇನ್ನೂ ನೆಲದಾಗ ಅದಾವ” ಎಂದು ಉತ್ತರ ಬಂತು. ಇದರಲ್ಲಿ ತರ್ಕದೋಷ ಹುಡುಕಿ ಸೋತಿದ್ದೇನೆ.

ಹಿಂದಕ್ಕೆ ನಡೆಸುವುದು ಇದಕ್ಕೂ ಮೇಲಿನ ವಿದ್ಯೆ. ನಾಲ್ಕು ಗಾಲಿಯ ಡಬ್ಬಿಗೆ ಕೊಂಡಿಯಲ್ಲೊಂದು, ಮುಂದಿನ ಅಚ್ಚಿನ ತಿರುಗಣಿಯಲ್ಲೊಂದು, ಹೀಗೆ ಎರಡು ಕೀಲು. ಎಡಕ್ಕೆ ತಿರುಗಿಸಿದರೆ ಅದು ಮೊದಲು ಬಲಕ್ಕೆ ಯೋಚಿಸಿ, ಆಮೇಲೆ ಎಡಕ್ಕೆ ಮನಸ್ಸು ಮಾಡುತ್ತದೆ. ಜಾತ್ರೆಗಳಲ್ಲಿ ಇದಕ್ಕೆ ಸ್ಪರ್ಧೆಯೇ ಉಂಟು. ಚಾಲಕ ಒಂದು ಕೈ ಸ್ಟೇರಿಂಗಿನ ಮೇಲಿಟ್ಟು, ಕತ್ತನ್ನು ಪೂರ್ತಿ ಹಿಂದಕ್ಕೆ ಹೊರಳಿಸಿ ನೋಡುತ್ತ ಸಾಗುತ್ತಾನೆ. ಇದೇ ಸಿಂಹಾವಲೋಕನ ಕ್ರಮ. ಮುಧೋಳದ ರನ್ನ ಸಾವಿರ ವರ್ಷದ ಹಿಂದೆ ‘ಗದಾಯುದ್ಧ’ದಲ್ಲಿ ಇಡೀ ಭಾರತವನ್ನು ಹೀಗೆ ಹಿಂದಿರುಗಿ ನೋಡಿಯೇ ಹೇಳಿದ. ಆ ಕಾವ್ಯದ ಊರುಭಂಗವಂತೂ ಹಿಂದಿನ ಆಕ್ಸಲ್ ಮುರಿದ ಪ್ರಸಂಗವೆಂಬುದರಲ್ಲಿ ಗ್ಯಾರೇಜಿನವರಿಗೆ ಸಂದೇಹವಿಲ್ಲ. ಅವರು ಅದರ ಬಿಲ್ಲನ್ನೂ ಬರೆದುಕೊಟ್ಟಾರು.

ಪಾಲನೆಯ ಬಗ್ಗೆ ಹೇಳುವುದು ಸ್ವಲ್ಪ. ರವದಿಯ ಚೂರು ರೇಡಿಯೇಟರಿನ ಜಾಲರಿ ಮುಚ್ಚಿ ಇಂಜಿನ್ ಕಾಯುತ್ತದೆ, ಬ್ರಷ್ ಹಿಡಿಯಿರಿ. ಎರಿ ಹೊಲದ ಧೂಳು ಏರ್ ಫಿಲ್ಟರಿನ ಎಣ್ಣೆಯನ್ನು ಹುಗ್ಗಿ ಮಾಡುತ್ತದೆ, ಬದಲಿಸಿ. ಡೀಸೆಲ್ ಪೂರ್ತಿ ಬರಿದಾದರೆ ಪೈಪಿಗೆ ಗಾಳಿ ಹೊಕ್ಕು, ಹನಿ ಹನಿ ಬಿಟ್ಟು ಹೊರಗೆ ತೆಗೆಯುವಷ್ಟರಲ್ಲಿ ಕಾರ್ಖಾನೆ ಮುಂದಿನ ಪಾಳಿ ಹೋಗಿರುತ್ತದೆ. ಉಳಿದಂತೆ ಎಚ್‌ಎಂಟಿ 5911 ಇದ್ದವರು ಇವನ್ನೆಲ್ಲ ಓದಬೇಕಿಲ್ಲ. ಸರ್ಕಾರ 2016ರಲ್ಲಿ ಆ ಟ್ರ್ಯಾಕ್ಟರ್ ವಿಭಾಗವನ್ನೇ ಮುಚ್ಚಲು ತೀರ್ಮಾನಿಸಿತು. ಆ ಸುದ್ದಿ ಇಲ್ಲಿನ 59 ಅಶ್ವಶಕ್ತಿಗೆ ಇನ್ನೂ ತಲುಪಿಲ್ಲ.

ಶಕ್ತಿವರ್ಧನೆಯಲ್ಲಿ ನೈಯಾಯಿಕರ ನಾಲ್ಕು ಪ್ರಮಾಣಗಳ ಪೈಕಿ ಇಲ್ಲಿ ನಡೆಯುವುದು ಶಬ್ದಪ್ರಮಾಣ ಒಂದೇ. ಮಡ್‌ಗಾರ್ಡಿನ ಮೇಲೆ ಟೇಪು, ತಲೆಯ ಮೇಲೆ ಸ್ಪೀಕರಿನ ಪೆಟ್ಟಿಗೆ, ಅದಕ್ಕೆಂದೇ ಇನ್ನೊಂದು ಬ್ಯಾಟರಿ. ಬನಹಟ್ಟಿಯ ಮಗ್ಗಗಳ ಸದ್ದನ್ನೂ ಮೀರಿ ಡ್ರೈವರನ ಪ್ರೇಮಭಂಗದ ಹಾಡು ಕೇಳಿಸಿದರೆ ವಾಹನ ಸುಸ್ಥಿತಿಯಲ್ಲಿದೆ ಎಂದು ತಿಳಿಯಬೇಕು. ಮುಂದೆ ಬಣ್ಣದ ದೀಪಗಳ ಸಾಲು, ಗೊಂಡೆ, ಕನ್ನಡಿ, ಮನೆದೇವರ ಹೆಸರು. ಮೂತಿಯ ಮೇಲೆ ಸುರಿದ ಈ ಸಂಪತ್ತಿನ ಒಂದಂಶವೂ ಡಬ್ಬಿಯ ಬಾಲದ ತನಕ ಹರಿದು ಬಂದಿಲ್ಲವೆಂಬುದು ಸಂಶೋಧಕನ ಗಮನಕ್ಕೆ ಬಂದದ್ದು ಒಂದು ರಾತ್ರಿ, ಜಮಖಂಡಿ ರಸ್ತೆಯಲ್ಲಿ. ಕತ್ತಲೆಯೊಳಗೆ ಇನ್ನೊಂದು ಕತ್ತಲೆ ನಿಂತಿತ್ತು. ಬೈಕು ಅದಕ್ಕೆ ಎರಡು ಮೊಳ ದೂರದಲ್ಲಿ ನಿಂತಾಗ ಮುಖಕ್ಕೆ ಕಬ್ಬಿನ ಸೋಗೆ ತಾಗಿತು.

ಚಾಲಕ ಟೇಪು ಸಣ್ಣ ಮಾಡಿ ಇಳಿದುಬಂದ.

“ಹಿಂದ ಒಂದ ಲೈಟರೆ ಹಾಕಸಬಾರದೇನೋ ತಮ್ಮಾ?”

“ಯಾಕ್ರೀ ಸರ?” ಎಂದ ಅವನು, ನನ್ನ ಬೈಕಿನ ದೀಪದ ಕಡೆ ಕೈ ತೋರಿಸಿ. “ಹಿಂದ ಬರಾವರಿಗೆ ಲೈಟ್ ಇರ್ತಾವಲ್ರಿ.”