ಬೆಂ.ಗ್ರಾ. ಜಿಲ್ಲೆಯ ಹತ್ತನೇ ‘ಬಿ’ ಸೆಕ್ಷನ್ನಿನಿಂದ ಸಚಿವ ಸಂಪುಟಕ್ಕೆ

ಇಂದ,
ಅ.ಬ.ಕ., ಕ್ಲಾಸ್ ಲೀಡರ್,
10ನೇ ತರಗತಿ ‘ಬಿ’ ವಿಭಾಗ, ಸರ್ಕಾರಿ ಪ್ರೌಢಶಾಲೆ,
ದೊಡ್ಡಬಳ್ಳಾಪುರ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ (ಉತ್ತರ ಎಂದು ಓದಿಕೊಳ್ಳುವುದು)

ಇವರಿಗೆ,
ನಂದಿಬೆಟ್ಟದ ಮೇಲೆ ಸೇರಿದ್ದ ರಾಜ್ಯ ಸಚಿವ ಸಂಪುಟ,
ಸದ್ಯ ಕೆಳಗೆ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ವಿಷಯ: ಪರೀಕ್ಷೆ ಬರೆಯದೆ ಬಡ್ತಿ ಪಡೆದ ನಮ್ಮ ಜಿಲ್ಲೆಯ ಬಗ್ಗೆ ತರಗತಿಯ ಸಂದೇಹಗಳು.
ಉಲ್ಲೇಖ: 02-07-2025ರ ತಮ್ಮ ತೀರ್ಮಾನ.

ಪತ್ರಲೇಖನ ನಮಗೆ ಹೊಸದೇನಲ್ಲ. ಎಂಟನೇ ತರಗತಿಯಿಂದಲೂ ಬರೆಯುತ್ತಾ ಬಂದಿದ್ದೇವೆ. ರಸ್ತೆ ರಿಪೇರಿ ಮಾಡಿಸಿ ಎಂದು ಪಂಚಾಯಿತಿಗೆ, ಬಸ್ಸು ಬಿಡಿ ಎಂದು ಡಿಪೋ ಮ್ಯಾನೇಜರಿಗೆ, ಬೀದಿನಾಯಿ ಹಿಡಿಸಿ ಎಂದು ಆರೋಗ್ಯಾಧಿಕಾರಿಗೆ. ಊರಿನ ಕಷ್ಟಗಳನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆದು, ಕನ್ನಡ ಮಿಸ್‌ಗೆ ಒಪ್ಪಿಸಿ, ಕೆಂಪು ಇಂಕಿನಲ್ಲಿ ಅಂಕ ಹಾಕಿಸಿಕೊಂಡು ಸಮಾಧಾನಪಟ್ಟಿದ್ದೇವೆ. ರಸ್ತೆ ಹಾಗೇ ಇದೆ. ನಮ್ಮ ಒಕ್ಕಣೆ ಸುಧಾರಿಸಿದೆ. ಈ ಪತ್ರವನ್ನು ಮಾತ್ರ ನಿಜವಾಗಿ ಕಳಿಸುತ್ತಿದ್ದೇವೆ. ಕಾಗುಣಿತ ತಪ್ಪಿದ್ದರೆ ಅರ್ಧ ಅಂಕ ಕಳೆದು ಮಿಕ್ಕದ್ದನ್ನು ಮನ್ನಿಸಬೇಕು.

ಸುದ್ದಿ ನಮಗೆ ತಲುಪಿದ್ದು ಪ್ರಾರ್ಥನೆ ಹೊತ್ತಿನಲ್ಲಿ. ನಾಡಗೀತೆ ಮುಗಿದ ಮೇಲೆ ಪೇಪರ್ ಓದುವ ಸರದಿ ಅವತ್ತು ನಮ್ಮ ಸೆಕ್ಷನ್ನಿನದು. ಬೆಂಗಳೂರು ಗ್ರಾಮಾಂತರ ಜಿಲ್ಲೆ ಇನ್ನು ಮುಂದೆ ಬೆಂಗಳೂರು ಉತ್ತರ, ಬಾಗೇಪಲ್ಲಿ ಇನ್ನು ಮುಂದೆ ಭಾಗ್ಯನಗರ ಎಂದು ಓದಿದ್ದೇ ತಡ, ಹಿಂದಿನ ಸಾಲಿನವರು ಜೋರಾಗಿ ಚಪ್ಪಾಳೆ ತಟ್ಟಿದರು. ಅವರಿಗೆ ರಜೆ ಎಂದು ಕೇಳಿಸಿತ್ತಂತೆ. ಹೆಡ್‌ಮಾಸ್ಟರು ಮಾತ್ರ ತಲೆಯೆತ್ತಿ ಮೈದಾನದಾಚೆ ಕಾಣುವ ನಂದಿಬೆಟ್ಟವನ್ನೇ ಸ್ವಲ್ಪ ಹೊತ್ತು ನೋಡಿದರು. ತಾವು ಸಭೆ ಸೇರಿದ್ದು ಅಲ್ಲೇ ಅಲ್ಲವೇ? ಬೆಟ್ಟ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ಪಕ್ಕದ ಮನೆ ಮಹಡಿ ಹತ್ತಿ ಕೂತು ನಮ್ಮ ಮನೆ ಕೂಸಿಗೆ ಹೆಸರಿಟ್ಟ ಹಾಗಾಯಿತು.

ಆದರೂ ದೂರುವುದಿಲ್ಲ, ನಮಗಿದು ರೂಢಿ. 1986ರ ಆಗಸ್ಟ್ 15ರಂದು ಗ್ರಾಮಾಂತರ ಜಿಲ್ಲೆ ಹುಟ್ಟಿದಾಗಲೂ ಅದರ ಕಚೇರಿ ಹಳ್ಳಿಯ ಕಡೆ ಬರಲಿಲ್ಲ. ಬೆಂಗಳೂರು ನಗರದ ನಡುಮಧ್ಯೆ, ವಿಶ್ವೇಶ್ವರಯ್ಯ ಗೋಪುರದ ಪಕ್ಕದ ಪೋಡಿಯಂ ಬ್ಲಾಕಿನಲ್ಲಿ, ದಶಕಗಳ ಕಾಲ ಕೂತಿತ್ತು. ನಮ್ಮ ತಾತನ ಪಹಣಿ ತಕರಾರು ಒಂದಕ್ಕೆ ಅಪ್ಪ ಎಷ್ಟು ಸಲ ಮೆಜೆಸ್ಟಿಕ್‌ನಲ್ಲಿ ಇಳಿದು ನಡೆದಿದ್ದಾರೋ ಲೆಕ್ಕವಿಲ್ಲ. ದೇವನಹಳ್ಳಿ ದಾರಿಯ ಬೀರಸಂದ್ರದಲ್ಲಿ ಜಿಲ್ಲಾಡಳಿತ ಭವನ ಎದ್ದು, ಸಾಹೇಬರು ಊರಿಗೆ ಬಂದು ಇನ್ನೇನು ಪರಿಚಯವಾಗುವಷ್ಟರಲ್ಲಿ ಜಿಲ್ಲೆಯ ಹೆಸರೇ ಹೊರಟಿತು.

ಈಗ ಭೂಗೋಳ. ಸಮಾಜ ವಿಜ್ಞಾನದ ಸಾರ್ ಗೋಡೆ ನಕ್ಷೆ ಬಿಡಿಸಿ ಸ್ಕೇಲಿನಲ್ಲಿ ತೋರಿಸಿದರು. ದೊಡ್ಡಬಳ್ಳಾಪುರ, ದೇವನಹಳ್ಳಿ ಬೆಂಗಳೂರಿಗೆ ಉತ್ತರ, ಒಪ್ಪಿದೆವು. ನೆಲಮಂಗಲ ವಾಯವ್ಯ. ಹೊಸಕೋಟೆ ಕೋಲಾರದ ಹಾದಿಯಲ್ಲಿ ಪೂರ್ವಕ್ಕೆ. ನಾಲ್ಕು ತಾಲ್ಲೂಕಿನಲ್ಲಿ ಎರಡು ಸರಿ, ಅಂದರೆ ಐವತ್ತು ಪರ್ಸೆಂಟ್; ನಮ್ಮ ಲೆಕ್ಕದಲ್ಲಿ ಸಂಪುಟ ಪಾಸು. (‘ಉತ್ತರ’ದ ಮೇಲೆ ಜೋಕು ಮಾಡಬೇಡಿ, ಎಲ್ಲರೂ ಮಾಡಿಯಾಯಿತು ಎಂದು ಕನ್ನಡ ಮಿಸ್ ಎಚ್ಚರಿಸಿದ್ದಾರೆ. ಆದ್ದರಿಂದ ಮಾಡುತ್ತಿಲ್ಲ.)

ಆಮೇಲೆ ಸಾರ್ ಇನ್ನೊಂದು ಪಟ್ಟಿ ಬಿಚ್ಚಿದರು. ಬೆಂಗಳೂರು ಉತ್ತರ ಎಂಬ ತಾಲ್ಲೂಕು ಮೊದಲೇ ಇದೆ, ನಗರ ಜಿಲ್ಲೆಯಲ್ಲಿ. ಬೆಂಗಳೂರು ಉತ್ತರ ಎಂಬ ಲೋಕಸಭಾ ಕ್ಷೇತ್ರವಿದೆ, ಅದರಲ್ಲಿ ನಾವಿಲ್ಲ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ, ಅದು ಇರುವುದು ಕೋಲಾರದಲ್ಲಿ. ಇನ್ನು ಬೆಂಗಳೂರು ಗ್ರಾಮಾಂತರ ಎಂಬ ಲೋಕಸಭಾ ಕ್ಷೇತ್ರ! ಕನಕಪುರ, ಮಾಗಡಿ, ರಾಮನಗರ, ಚನ್ನಪಟ್ಟಣ, ಆನೇಕಲ್, ತುಮಕೂರು ಜಿಲ್ಲೆಯ ಕುಣಿಗಲ್ ಕೂಡ ಅದರಲ್ಲಿವೆ. ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕಿನಲ್ಲಿ ಒಂದೂ ಇಲ್ಲ. ನಮ್ಮ ನಾಲ್ಕೂ ತಾಲ್ಲೂಕಿನವರು ಓಟು ಹಾಕುವುದು ಚಿಕ್ಕಬಳ್ಳಾಪುರಕ್ಕೆ. ಎಲ್ಲಕ್ಕಿಂತ ಮಜಾ ನಮ್ಮ ಇಲಾಖೆಯದೇ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಬೆಂಗಳೂರು ಉತ್ತರ ಮತ್ತು ಬೆಂಗಳೂರು ದಕ್ಷಿಣ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳು ಆಗಲೇ ಇವೆ, ಅವಕ್ಕೆ ಅವುಗಳದೇ ಡಿಡಿಪಿಐಗಳೂ ಇದ್ದಾರೆ. 2025ರ ಮೇ ತಿಂಗಳಲ್ಲಿ ರಾಮನಗರವನ್ನು ದಕ್ಷಿಣ ಮಾಡಿದಿರಿ, ಜುಲೈನಲ್ಲಿ ನಮ್ಮನ್ನು ಉತ್ತರ ಮಾಡಿದಿರಿ. ಫಲಿತಾಂಶದ ದಿನ ಜಿಲ್ಲಾವಾರು ಪಟ್ಟಿ ಬಿಟ್ಟಾಗ ಯಾವ ಉತ್ತರ ಎಷ್ಟನೇ ಸ್ಥಾನ? ಮೇಲೆ ಬಂದರೆ ನಾವು, ಕೆಳಗೆ ಹೋದರೆ ಆ ಹಳೆಯ ಉತ್ತರದ ಮಲ್ಲೇಶ್ವರದವರು ಎಂದು ತರಗತಿ ಸರ್ವಾನುಮತದಿಂದ ನಿರ್ಣಯಿಸಿದೆ. ಮಲ್ಲೇಶ್ವರದವರೂ ಹಾಗೇ ನಿರ್ಣಯಿಸಿರಬಹುದು.

ಹೆಸರು ಬದಲಾಯಿಸಿದರೆ ಏನಾಗುತ್ತದೆ ಎಂಬುದು ನಮಗೆ ಗೊತ್ತಿಲ್ಲದ್ದಲ್ಲ. ಹತ್ತನೇ ತರಗತಿಯವರಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಹಿಂದೆ ಫೇಲಾದವರು ಪೂರಕ ಪರೀಕ್ಷೆ ಕಟ್ಟುತ್ತಿದ್ದರು, ಬೀದಿಯಲ್ಲಿ ತಲೆತಗ್ಗಿಸಿ ಓಡಾಡುತ್ತಿದ್ದರು. 2024ರಲ್ಲಿ ಪೂರಕ ಎಂಬ ಹೆಸರೇ ಹೋಯಿತು. ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಬಂದವು. ನಮ್ಮ ಸೀನಿಯರ್ ಅಣ್ಣ ಒಬ್ಬ ‘ನಾನು ಪರೀಕ್ಷೆ-3ರಲ್ಲಿದ್ದೀನಿ’ ಅಂದದ್ದಕ್ಕೆ ಅವರಜ್ಜಿ ಮೊಮ್ಮಗ ಮೂರನೇ ಮೆಟ್ಟಿಲು ಹತ್ತಿದ ಅಂತ ಊರಿಗೆಲ್ಲ ಹೇಳಿದರು. ಅದೇ ವರ್ಷ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. 2025ರಲ್ಲಿ ಕೃಪೆಯೂ ಹೋಯಿತು, ಪರೀಕ್ಷೆ-1ರ ಫಲಿತಾಂಶ 62.34ಕ್ಕೆ ಬಂತು. ಕ್ಯಾಮರಾದ ಕಣ್ಣಿಗೆ ನಿಜ ಕಂಡಿತಲ್ಲ, ಇನ್ನೇನು ಪಾಠ ಗಟ್ಟಿಮಾಡುತ್ತಾರೆ ಅಂದುಕೊಂಡೆವು. ಪಾಸು ಗೆರೆಯನ್ನೇ ಕೆಳಗಿಳಿಸಿದಿರಿ: ಶೇ 35 ಇದ್ದದ್ದು ನಮ್ಮ ಬ್ಯಾಚಿನಿಂದ 33. ಒಟ್ಟು 625ಕ್ಕೆ 219 ಬೇಕಿತ್ತು, ಈಗ 206 ಸಾಕು.

ಆ ಹದಿಮೂರು ಅಂಕಕ್ಕೆ ನಾವು ಋಣಿಗಳು. ನಮ್ಮ ತರಗತಿಯ ಕೆಲವರ ಭವಿಷ್ಯ ಆ ಹದಿಮೂರರೊಳಗೇ ಇದೆ, ಹೆಸರು ಹೇಳುವುದಿಲ್ಲ. ಆದರೆ ಮಾನ್ಯರೇ, ನಮ್ಮ ಗಣಿತದ ಮೇಷ್ಟ್ರು ವಾರದಲ್ಲಿ ಮೂರು ದಿನ ನಮ್ಮವರು, ಮೂರು ದಿನ ನಿಯೋಜನೆ ಮೇಲೆ ಪಕ್ಕದ ಹೋಬಳಿಯವರು. ತ್ರಿಕೋನಮಿತಿ ಅರ್ಧ ಕಲಿತು ನಿಂತಾಗ ಅವರು ಬಸ್ಸು ಹತ್ತಿರುತ್ತಾರೆ. ಆ ಶಾಲೆಯವರಿಗೆ ಮಿಕ್ಕರ್ಧ ಗೊತ್ತು. ಎರಡೂ ಶಾಲೆ ಒಂದೇ ಬೆಂಚಿನಲ್ಲಿ ಕೂತು ಬರೆಯಲು ಅವಕಾಶ ಕೊಟ್ಟರೆ ನೂರಕ್ಕೆ ನೂರು ಖಚಿತ. ಕ್ಯಾಮರಾ ತಿರುಗಿಸಬೇಕಾಗುತ್ತದೆ, ಅಷ್ಟೇ.

ತಾವು ಏನೂ ಕೊಟ್ಟಿಲ್ಲ ಎಂದು ಬರೆದರೆ ಮಿಸ್ ಅಂಕ ಕಳೆಯುತ್ತಾರೆ. 2013ರಿಂದ ಹಾಲು ಬರುತ್ತಿದೆ, ಅದರ ಜೊತೆಗೀಗ ರಾಗಿ ಮಾಲ್ಟ್. ಮೊಟ್ಟೆ ವಾರಕ್ಕೆ ಆರು ದಿನ, ಅದಕ್ಕೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ದುಡ್ಡೂ ಸೇರಿದೆ. ಹೆಣ್ಣುಮಕ್ಕಳಿಗೆ ಶಕ್ತಿ ಬಸ್ಸು, ಗಂಡುಮಕ್ಕಳಿಗೆ ಪಾಸು. ಎಂಟನೇ ತರಗತಿಗೆ ಕೊಡುತ್ತಿದ್ದ ಸೈಕಲ್ ಮಾತ್ರ ಕೋವಿಡ್ ವರ್ಷದಲ್ಲಿ ಎಲ್ಲೋ ಪಂಕ್ಚರಾಗಿ ನಿಂತದ್ದು, ನಮ್ಮ ಬ್ಯಾಚಿನವರೆಗೆ ಬರಲಿಲ್ಲ.

ಇನ್ನು ನಮ್ಮನ್ನು ನಿಜವಾಗಿ ನಿದ್ದೆಗೆಡಿಸಿದ ವಿಷಯ. ಜಿಲ್ಲೆಯ ಹೆಸರಿನಿಂದ ‘ಗ್ರಾಮ’ ಹೋದರೆ ನಮ್ಮ ಗ್ರಾಮೀಣ ಕೋಟಾವೂ ಹೋಗುತ್ತದೆ ಎಂದು ಯಾರೋ ಹಬ್ಬಿಸಿದರು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದವರಿಗೆ ಸಿಇಟಿ ಸೀಟಿನಲ್ಲಿ ಶೇ 15, ಸರ್ಕಾರಿ ಕೆಲಸದಲ್ಲಿ ಶೇ 25. ಹತ್ತು ವರ್ಷ ಕೆಂಪುಮಣ್ಣಿನ ಹಾದಿ ತುಳಿದದ್ದಕ್ಕೆ ಸರ್ಕಾರ ಕೊಡುವ ಏಕೈಕ ಬಡ್ಡಿ ಅದು. ಹುಡುಗಿಯರ ಸಾಲಿನಲ್ಲಿ ಒಬ್ಬಳು ಅತ್ತೇಬಿಟ್ಟಳು. ಹೆಡ್‌ಮಾಸ್ಟರು ಬಂದು ಬಿಡಿಸಿ ಹೇಳಿದರು: ಕೋಟಾ ನೋಡುವುದು ಜಿಲ್ಲೆಯ ಹೆಸರನ್ನಲ್ಲ, ಶಾಲೆ ನಿಂತ ನೆಲವನ್ನು. ಗ್ರಾಮ ಪಂಚಾಯಿತಿ ಆದರೆ ಗ್ರಾಮೀಣ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಆದರೆ ಇಲ್ಲ. ಹೆಡ್‌ಮಾಸ್ಟರು ಬರೆದುಕೊಟ್ಟ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಹಾಕಿದರೆ ಮುಗಿಯಿತು.

ಹಾಗಾದರೆ ಇಷ್ಟು ವರ್ಷ ದೊಡ್ಡಬಳ್ಳಾಪುರ ಪೇಟೆಯ ಮಗ್ಗದ ಬೀದಿಯ ಹುಡುಗ ಗ್ರಾಮಾಂತರ ಜಿಲ್ಲೆಯವನಾದರೂ ಗ್ರಾಮೀಣನಲ್ಲ! ಅಪ್ಪ ಹಗಲಿಡೀ ಪವರ್‌ಲೂಮ್ ಮುಂದೆ ನಿಂತು ಕಿವಿ ಮಂದವಾಗಿದೆ, ಅಮ್ಮ ಲಾಳಿಗೆ ನೂಲು ಸುತ್ತುತ್ತಾರೆ, ಮಗ ನಗರವಾಸಿ. ಆದರೆ ಗ್ರಾಮ ಪಂಚಾಯಿತಿಯೊಂದರ ಗಡಿಯೊಳಗೆ ಈಜುಕೊಳ, ಕುದುರೆ ಸವಾರಿ ಇರುವ ಇಂಟರ್‌ನ್ಯಾಷನಲ್ ಶಾಲೆ ಇದ್ದರೆ ಅಲ್ಲಿಯ ಮಕ್ಕಳು ಅಪ್ಪಟ ಗ್ರಾಮೀಣರು. ನಮ್ಮ ಹಳ್ಳಿಗಳು ಒಂದೊಂದಾಗಿ ಪಟ್ಟಣ ಪಂಚಾಯಿತಿ ಆಗುತ್ತಿವೆ. ಆ ಗೆರೆ ಯಾವ ವರ್ಷ ನಮ್ಮ ಶಾಲೆಯ ಕಾಂಪೌಂಡ್ ದಾಟುತ್ತದೋ ಎಂದು ಏಳನೇ ತರಗತಿಯ ತಮ್ಮಂದಿರು ಕಾಯುತ್ತಿದ್ದಾರೆ. ಅವರಿಗಿನ್ನೂ ಮೂರು ವರ್ಷ ಬೇಕು.

ಹೆಸರಿನಿಂದ ಬೆಲೆ ಏರುವುದು ಜಮೀನಿಗೆ. ಅದನ್ನು ನಾವು ಒಪ್ಪುತ್ತೇವೆ, ರಸ್ತೆಬದಿಯ ಲೇಔಟ್ ಬೋರ್ಡುಗಳು ತಮ್ಮ ಸಭೆಗಿಂತ ಎಷ್ಟೋ ವರ್ಷ ಮೊದಲೇ ‘ನಾರ್ತ್ ಬೆಂಗಳೂರು’ ಎಂದು ಬರೆದುಕೊಂಡಿವೆ. 2008ರಲ್ಲಿ ಶುರುವಾದ ವಿಮಾನ ನಿಲ್ದಾಣ ಇರುವುದು ನಮ್ಮ ದೇವನಹಳ್ಳಿಯಲ್ಲಿ. ಟಿಕೆಟಿನಲ್ಲಿ ಬರುವುದು ಬೆಂಗಳೂರು. ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಾರ್ಖಾನೆಯೂ ಇಲ್ಲೇ ಬಂದಿದೆ. ನಮ್ಮ ತರಗತಿಯವಳೊಬ್ಬಳ ಅಕ್ಕ ಪಿಯುಸಿ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಶಿಫ್ಟಿನಲ್ಲಿ ಎಷ್ಟು ಐಫೋನ್ ಮುಟ್ಟುತ್ತಾಳೋ ಗೊತ್ತಿಲ್ಲ, ಮನೆಗೆ ಇರುವುದು ಗಾಜು ಸೀಳಿದ ಒಂದೇ ಫೋನು. ಅದರಲ್ಲೇ ತಂಗಿಯ ಗಣಿತದ ವೀಡಿಯೋ. ಅತ್ತ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆಂದು ಗುರುತು ಮಾಡಿದ್ದ 1,777 ಎಕರೆಗಾಗಿ ಹದಿಮೂರು ಹಳ್ಳಿಯವರು ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತರು. ನಮಗೆ ಹೆಸರಿಟ್ಟ ಹದಿಮೂರನೇ ದಿನ, ಜುಲೈ 15ಕ್ಕೆ, ಆ ಸ್ವಾಧೀನ ಕೈಬಿಟ್ಟಿರಿ. ಅಲ್ಲಿಂದ ನಮ್ಮ ಶಾಲೆಗೆ ಬಂದ ಹುಡುಗನೊಬ್ಬ ಮಾರನೆಯ ದಿನ ಇಡೀ ತರಗತಿಗೆ ಕಡಲೆಮಿಠಾಯಿ ಹಂಚಿದ. ಜಿಲ್ಲೆಯ ಹೆಸರು ಬದಲಾದದ್ದಕ್ಕೆ ಯಾರೂ ಏನೂ ಹಂಚಲಿಲ್ಲ.

ಶಾಲೆಯ ಬೋರ್ಡಿನ ವಿಷಯವೂ ಇದೆ. ‘ಬೆಂ.ಗ್ರಾ. ಜಿಲ್ಲೆ’ ಅಳಿಸಿ ‘ಬೆಂ.ಉ. ಜಿಲ್ಲೆ’ ಬರೆಯಲು ಪೇಂಟರ್ ಅಣ್ಣನನ್ನು ಕರೆದು ಕೇಳಿದೆವು. ಅವರು ಕೇಳಿದ ಮೊತ್ತ ನಮ್ಮ ಶಾಲಾ ಅನುದಾನದಲ್ಲಿ ಸೀಮೆಸುಣ್ಣ ಕಳೆದು ಉಳಿಯುವುದಕ್ಕಿಂತ ಜಾಸ್ತಿ. ಹಳೆ ವಿದ್ಯಾರ್ಥಿಗಳ ಸಂಘದವರು ಕೊಡಲು ಸಿದ್ಧರಿದ್ದಾರೆ, ಆದರೆ ದಾನಿಗಳ ಹೆಸರು ಜಿಲ್ಲೆಯ ಹೆಸರಿಗಿಂತ ದಪ್ಪಗಿರಬೇಕಂತೆ. ಹನ್ನೊಂದು ಅಂಕಿಯ ಡೈಸ್ ಕೋಡ್ ಒಂದನ್ನೇ ಬರೆದರೆ ಯಾವ ಸರ್ಕಾರಕ್ಕೂ ತೊಂದರೆಯಿಲ್ಲ ಎಂಬುದು ಹೆಡ್‌ಮಾಸ್ಟರ ಸಲಹೆ.

ಆದ್ದರಿಂದ ಮಾನ್ಯರಲ್ಲಿ ಪ್ರಾರ್ಥನೆ. ಮಾರ್ಚ್ ಪರೀಕ್ಷೆಯ ಪತ್ರಲೇಖನಕ್ಕೆ ‘ನಿಮ್ಮನ್ನು ಬೆಂಗಳೂರು ಉತ್ತರ ಜಿಲ್ಲೆಯ ವಿದ್ಯಾರ್ಥಿ ಎಂದು ಭಾವಿಸಿಕೊಂಡು’ ಎಂದು ಪ್ರಶ್ನೆ ಬಂದರೆ ನಾವು ಕೋಲಾರದಲ್ಲಿದ್ದೇವೆಂದು ಭಾವಿಸಬೇಕೋ, ಮಲ್ಲೇಶ್ವರದಲ್ಲೋ, ಬೀರಸಂದ್ರದಲ್ಲೋ ತಿಳಿಸಬೇಕು. ಹಾಗೆಯೇ ಗಣಿತದ ಮೇಷ್ಟ್ರ ವಾರದ ಉಳಿದ ಮೂರು ದಿನವನ್ನು ನಮ್ಮ ಜಿಲ್ಲೆಗೆ, ಯಾವ ಹೆಸರಿನಲ್ಲಾದರೂ ಸರಿ, ಮಂಜೂರು ಮಾಡಬೇಕು.

ಇಂತಿ ತಮ್ಮ ವಿಧೇಯ,
ಅ.ಬ.ಕ.

ಪ್ರತಿ: 1. ಪಕ್ಕದ ಹೋಬಳಿಯ ಹತ್ತನೇ ತರಗತಿಗೆ, ತ್ರಿಕೋನಮಿತಿಯ ಮಿಕ್ಕರ್ಧ ಕಳಿಸುವಂತೆ ಕೋರಿ.
2. ಪೇಂಟರ್ ಅಣ್ಣನಿಗೆ, ಮುಂದಿನ ಸಂಪುಟ ಸಭೆ ಮುಗಿಯುವವರೆಗೆ ಬಣ್ಣದ ಡಬ್ಬಿ ತೆರೆಯದಂತೆ.